ಮುಸುಕಿದ ಗ್ಲಾಸು, ಬೈಸಿಕೊಂಡ ಬಲ್ಬು

ಕೋಲಾರದ ಎಪಿಎಂಸಿಗೆ ಟೊಮೆಟೊ ಹೊರುವ ಪಿಕಪ್‌ಗಳು ಹಗಲಿಗಿಂತ ರಾತ್ರಿಯೇ ಹೆಚ್ಚು ಓಡುತ್ತವೆ. ಹಗಲೆಲ್ಲ ಕಿತ್ತು, ಸಂಜೆ ಕೂತು ಆರಿಸಿ, ಹದಿನೈದು ಕೆಜಿಯ ಬಾಕ್ಸ್‌ಗಳಿಗೆ ತುಂಬಿ, ಹರಾಜಿನ ಹೊತ್ತಿಗೆ ಮಂಡಿ ಮುಟ್ಟಿಸಬೇಕು. ನನ್ನ ಭಾವಮೈದನ ಪಿಕಪ್ ಕೂಡ ಈ ಸಾಲಿನದ್ದೇ. ಹದಿಮೂರು ವರ್ಷದ ಗಾಡಿ, ಅವನ ಕೈಗೆ ಬಂದದ್ದು ಮೂರನೆಯ ಮಾಲೀಕನಿಂದ. ಹೋದ ಸುಗ್ಗಿಯ ಒಂದು ರಾತ್ರಿ ಅವನ ಪಕ್ಕದ ಸೀಟಿನಲ್ಲಿ ನಾನೂ ಇದ್ದೆ. ಊರಿನಿಂದ ಹೆದ್ದಾರಿಗೆ ಸೇರುವ ಒಳರಸ್ತೆಯಲ್ಲಿ ಯಾರೋ ಹುರುಳಿ ಒಕ್ಕಣೆಗೆ ಹಾಕಿದ್ದರು. ಓಡಾಡುವ ಗಾಡಿಗಳೇ ತುಳಿದುಕೊಡಲಿ ಎಂದು ಡಾಂಬರಿನ ಮೇಲೆ ಗಿಡ ಹರಡಿ, ಸುತ್ತ ಕಲ್ಲಿಟ್ಟು ಮನೆಗೆ ಹೋಗಿ ಮಲಗುವುದು ನಮ್ಮ ಕಡೆ ಹಳೆಯ ಪದ್ಧತಿ. ಆ ಕಲ್ಲು ನಮ್ಮ ಕಣ್ಣಿಗೆ ಬಿದ್ದದ್ದು ಹದಿನೈದು ಮಾರು ದೂರದಲ್ಲಿ. ಬ್ರೇಕು ಕಿರುಚಿತು, ಹಿಂದೆ ಬಾಕ್ಸ್‌ಗಳು ಒಂದರ ಮೇಲೊಂದು ಉರುಳಿದವು, ನಾಲ್ಕು ಬಾಕ್ಸ್ ಹಣ್ಣು ಅಲ್ಲೇ ಗೊಜ್ಜಾಯಿತು.

"ಬಲ್ಬು ಸತ್ತೋಗೈತೆ ಭಾವ. ನಾಳೆ ನೂರರದ್ದು ಹಾಕಿಸಿಬಿಡ್ತೀನಿ" ಎಂದ.

ನೂರರದ್ದು ಎಂದರೆ 100/90 ವ್ಯಾಟಿನ ಬಲ್ಬು. ನಮ್ಮ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಎಚ್4 ಎಂಬ ಜಾತಿಯ ಹ್ಯಾಲೊಜನ್ ಬಲ್ಬು. ಅದರ ಲೆಕ್ಕ 60/55: ಹೈ ಬೀಮಿಗೆ 60 ವ್ಯಾಟ್, ನಾವು ಡಿಮ್ ಎಂದು ಕರೆಯುವ ಲೋ ಬೀಮಿಗೆ 55. ಬೆಳಕು ಸಾಲುತ್ತಿಲ್ಲ ಅನ್ನಿಸಿದ ಕೂಡಲೇ ನಮ್ಮವರ ಕೈ ಮೊದಲು ಹೋಗುವುದು ಬಲ್ಬಿಗೆ. ಅದು ಅಗ್ಗ, ಹತ್ತು ನಿಮಿಷದ ಕೆಲಸ, ಹಾಕಿದ ದಿನ ಏನೋ ಆದಂತೆ ಕಾಣುತ್ತದೆ. ಆದರೆ ಹಳೆಯ ಗಾಡಿಯ ಬೆಳಕು ಮಂಕಾಗುವುದಕ್ಕೆ ಇರುವ ಕಾರಣಗಳಲ್ಲಿ ಬಲ್ಬಿನದು ಕೊನೆಯ ಪಾಲು. ಮೊದಲ ಪಾಲು ಗ್ಲಾಸಿನದು, ಎರಡನೆಯದು ವೈರಿನದು, ಮೂರನೆಯದು ದೀಪ ಎತ್ತ ನೋಡುತ್ತಿದೆ ಎಂಬುದರದ್ದು. ಬೈಗುಳವೆಲ್ಲ ಬಲ್ಬಿಗೆ.

ಬೆಳಿಗ್ಗೆ ಗಾಡಿಯ ಮುಂದೆ ನಿಂತು ನೋಡಿದೆ. ಎರಡೂ ದೀಪಗಳ ಮುಖ ಹಳೆಯ ಬೀಡಿ ಸೇದುವವರ ಹಲ್ಲಿನ ಬಣ್ಣಕ್ಕೆ ತಿರುಗಿದ್ದವು. ಬಲಗಡೆಯದರ ಮೇಲೆ ಆಯುಧಪೂಜೆಯ ವಿಭೂತಿ ಪಟ್ಟೆ ಇನ್ನೂ ಹಾಗೇ ಇತ್ತು, ಅದರ ನಡುವೆ ಒಣಗಿದ ಕುಂಕುಮ. ಭಕ್ತಿಗೆ ನನ್ನ ತಕರಾರಿಲ್ಲ; ಆದರೆ ದೇವರ ಹೆಸರಿನಲ್ಲಿ ಕಣ್ಣಿಗೇ ಬಳಿಯುವ ಬದಲು ಬಾನೆಟ್ಟಿಗೆ ಬಳಿದರೂ ಪೂಜೆ ಸಲ್ಲುತ್ತದೆ.

ಮೆಕ್ಯಾನಿಕ್‌ಗಳು ದೀಪದ ಮುಂಭಾಗವನ್ನು ಇವತ್ತಿಗೂ ಗ್ಲಾಸು ಎನ್ನುತ್ತಾರೆ. ಈಗಿನ ಗಾಡಿಗಳಲ್ಲಿ ಅದರಲ್ಲಿ ಗಾಜಿನ ಚೂರೂ ಇರುವುದಿಲ್ಲ. ಹಿಂದಿನ ಜೀಪು, ಅಂಬಾಸಿಡರ್, ಲಾರಿಗಳ ಗುಂಡು ದೀಪಗಳು ನಿಜಕ್ಕೂ ಗಾಜಿನವು. ಕಲ್ಲು ಬಿದ್ದರೆ ಒಡೆಯುತ್ತಿದ್ದವು, ಆದರೆ ಇಪ್ಪತ್ತು ವರ್ಷ ಬಿಸಿಲಿಗಿಟ್ಟರೂ ಹಳದಿಯಾಗುತ್ತಿರಲಿಲ್ಲ. ಅಮೆರಿಕದಲ್ಲಿ 1940ರಿಂದ ಏಳಿಂಚಿನ ಗುಂಡು ಸೀಲ್ಡ್ ಬೀಮ್ ದೀಪವೇ ಕಡ್ಡಾಯವಾಗಿತ್ತು. ಬಲ್ಬು ಮಾತ್ರ ಬದಲಿಸಬಹುದಾದ, ಪ್ಲಾಸ್ಟಿಕ್ ಮುಖದ ದೀಪಕ್ಕೆ ಅಲ್ಲಿ ಅನುಮತಿ ಸಿಕ್ಕಿದ್ದು 1983ರಲ್ಲಿ. ಆಮೇಲೆ ಗಾಡಿಯ ಮೂತಿಗೆ ಹೊಂದುವಂತೆ ದೀಪವನ್ನು ಬಾಗಿಸಿ, ಉದ್ದ ಮಾಡಿ, ಬೇಕಾದ ಆಕಾರಕ್ಕೆ ತಂದರು. ಈ ಆಟವೆಲ್ಲ ಸಾಧ್ಯವಾದದ್ದು ಪಾಲಿಕಾರ್ಬನೇಟ್ ಎಂಬ ಪ್ಲಾಸ್ಟಿಕ್ಕಿನಿಂದ. 1953ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಹರ್ಮನ್ ಶ್ನೆಲ್ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಡ್ಯಾನಿಯಲ್ ಫಾಕ್ಸ್, ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿಲ್ಲದೆ ಕಂಡುಕೊಂಡ ವಸ್ತು ಅದು. ಹೆಲ್ಮೆಟ್ಟಿನ ಮುಂದಿನ ವೈಸರು, ಸಿ.ಡಿ. ತಟ್ಟೆ ಎಲ್ಲ ಅದೇ ಬಳಗ. ಹಗುರ, ಸುತ್ತಿಗೆಯಲ್ಲಿ ಹೊಡೆದರೂ ಬೇಗ ಒಡೆಯದು.

ಆದರೆ ಅದಕ್ಕೆ ಬಿಸಿಲು ಆಗದು. ಸೂರ್ಯನ ನೇರಳಾತೀತ ಕಿರಣ ಅದರ ಅಣುಗಳ ಕಟ್ಟನ್ನು ಮುರಿಯುತ್ತದೆ. ಮುರಿದದ್ದು ಹಳದಿ ಬಣ್ಣವಾಗಿ ಕಾಣುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ಮೇಲೊಂದು ಗಟ್ಟಿ ಲೇಪ ಕೊಟ್ಟಿರುತ್ತಾರೆ. ವರ್ಷಗಟ್ಟಲೆ ಧೂಳು, ಮರಳು, ಉಪ್ಪುನೀರಿನ ಬಟ್ಟೆ ಎಲ್ಲ ತಾಗಿ ಆ ಲೇಪ ಸವೆಯುತ್ತದೆ, ಕೆಲವು ಕಡೆ ಪದರ ಪದರವಾಗಿ ಏಳುತ್ತದೆ. ಲೇಪ ಹೋದ ಮೇಲೆ ಬಿಸಿಲಿಗೆ ಅಡ್ಡಿಯಿಲ್ಲ. ಬೀದಿಯಲ್ಲಿ ಒಂದೇ ದಿಕ್ಕಿಗೆ ಮೂತಿ ಮಾಡಿ ನಿಲ್ಲಿಸುವ ಗಾಡಿಯಲ್ಲಿ ಬಿಸಿಲಿನ ಕಡೆಯ ದೀಪ ಮೊದಲು ಹಾಳಾಗಿರುವುದನ್ನು ನೀವೂ ನೋಡಿರಬಹುದು. ಇನ್ನು ಕೆಲವರು ಗ್ಲಾಸು ಹೊಳೆಯಲಿ ಎಂದು ಪೆಟ್ರೋಲಿನಲ್ಲೋ ಥಿನ್ನರಿನಲ್ಲೋ ಒರೆಸುತ್ತಾರೆ. ಆ ಹೊತ್ತಿಗೆ ಹೊಳೆಯುತ್ತದೆ, ನಿಜ. ಪಾಲಿಕಾರ್ಬನೇಟಿಗೆ ಇವೆರಡೂ ವಿಷ. ಕೂದಲೆಳೆಯಂಥ ಬಿರುಕುಗಳು ಒಳಗಿಂದ ಹುಟ್ಟಿಕೊಳ್ಳುತ್ತವೆ, ಅವನ್ನು ಯಾವ ಪಾಲಿಶೂ ತೆಗೆಯದು.

ಮುಸುಕಿದ ಗ್ಲಾಸು ಎಷ್ಟು ಬೆಳಕು ನುಂಗುತ್ತದೆ? ಅಮೆರಿಕದ ವಾಹನ ಮಾಲೀಕರ ಸಂಘಟನೆ ಟ್ರಿಪಲ್ ಎ, 2018ರಲ್ಲಿ ಸುಮಾರು ಹನ್ನೊಂದು ವರ್ಷ ಹಳೆಯ ಎರಡು ಕಾರುಗಳ ದೀಪಗಳನ್ನು ಬಿಚ್ಚಿ ಅಳತೆ ಮಾಡಿಸಿತು. ಹೊಸ ದೀಪ ಕೊಡುವ ಬೆಳಕಿನ ಐದನೇ ಒಂದು ಭಾಗದಷ್ಟನ್ನೇ ಅವು ಕೊಡುತ್ತಿದ್ದವು. ಉಳಿದದ್ದು ಗ್ಲಾಸಿನಲ್ಲೇ ಇಂಗಿತ್ತು, ಅಥವಾ ಬೇಡದ ದಿಕ್ಕಿಗೆ ಚದುರಿತ್ತು. ಚದುರಿದ್ದು ಸುಮ್ಮನೆ ವ್ಯರ್ಥವಾಗುವುದಿಲ್ಲ, ಎದುರು ಬರುವವನ ಕಣ್ಣಿಗೆ ಹೋಗುತ್ತದೆ. ನಮಗೆ ಕತ್ತಲೆ, ಅವನಿಗೆ ಪ್ರಖರ. ಹಳೆಯ ದೀಪದ ವಿಚಿತ್ರವೇ ಇದು.

ಇಲ್ಲೊಂದು ಸಣ್ಣ ಲೆಕ್ಕ. ದೂರ ಎರಡರಷ್ಟಾದರೆ ಅಲ್ಲಿಗೆ ತಲುಪುವ ಬೆಳಕು ನಾಲ್ಕನೇ ಒಂದು ಭಾಗಕ್ಕಿಳಿಯುತ್ತದೆ. ಅದನ್ನೇ ತಿರುಗಿಸಿ ಹೇಳಿದರೆ, ದೀಪದ ಬೆಳಕು ಐದನೇ ಒಂದು ಭಾಗಕ್ಕಿಳಿದರೆ ಕಾಣುವ ದೂರ ಅರ್ಧಕ್ಕಿಂತ ತುಸು ಕಡಿಮೆಯಾಗುತ್ತದೆ. ಹೊಸ ದೀಪದಲ್ಲಿ 70 ಮೀಟರ್ ದೂರಕ್ಕೆ ಕಾಣುತ್ತಿದ್ದ ಕಲ್ಲು ಈಗ ಮೂವತ್ತರ ಆಚೀಚೆ ಬಂದಾಗ ಕಂಡೀತು. ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಹದಿನಾರು ಹದಿನೇಳು ಮೀಟರ್. ಕಂಡದ್ದು ತಲೆಗೆ ಹೋಗಿ, ಕಾಲು ಬ್ರೇಕಿಗೆ ಬರುವಷ್ಟರಲ್ಲಿ 25 ಮೀಟರ್ ಮುಗಿದಿರುತ್ತದೆ. ಒಣ ರಸ್ತೆಯಲ್ಲಿ, ಒಳ್ಳೆಯ ಟೈರಿನಲ್ಲಿ ನಿಲ್ಲುವುದಕ್ಕೆ ಇನ್ನೂ ಅಷ್ಟೇ ಬೇಕು. ಲೋಡಿದ್ದರೆ, ಬ್ರೇಕು ಹಳೆಯದಾಗಿದ್ದರೆ ಮತ್ತೂ ಹೆಚ್ಚು. ನಾವು ಆ ರಾತ್ರಿ ಹುರುಳಿಯ ಕಲ್ಲಿನ ಮುಂದೆ ನಿಂತದ್ದು ಭಾವಮೈದ ನಲವತ್ತರಲ್ಲಿ ಬರುತ್ತಿದ್ದುದರಿಂದ.

ಈಗ ಎಲ್ಲರೂ ಕೇಳುವ ಪ್ರಶ್ನೆ: ಪಾಲಿಶ್ ಸಾಕೇ, ದೀಪವನ್ನೇ ಬದಲಿಸಬೇಕೇ?

ಟೂತ್‌ಪೇಸ್ಟ್ ವೈದ್ಯದಿಂದ ಶುರು ಮಾಡೋಣ, ಏಕೆಂದರೆ ಮೊಬೈಲು ಇರುವವರೆಲ್ಲ ಅದನ್ನು ನೋಡಿದ್ದಾರೆ. ಟೂತ್‌ಪೇಸ್ಟಿನಲ್ಲಿ ನುಣುಪು ಉಜ್ಜುಪುಡಿ ಇರುತ್ತದೆ, ಅದಕ್ಕೇ ಹಲ್ಲು ಬೆಳ್ಳಗಾಗುವುದು. ಗ್ಲಾಸಿನ ಮೇಲೆ ಉಜ್ಜಿದರೂ ಹಳದಿ ಪದರ ಸ್ವಲ್ಪ ಹೋಗುತ್ತದೆ. ಜೊತೆಗೆ ಅಳಿದುಳಿದ ರಕ್ಷಣೆಯ ಲೇಪವೂ ಹೋಗುತ್ತದೆ. ಕೆಲವು ವಾರ ಕಳೆದರೆ ಗ್ಲಾಸು ಮೊದಲಿಗಿಂತ ಮಂಕು. ಸರಿಯಾಗಿ ಮಾಡುವವರು ಟಿಂಕರಿಂಗ್ ಪೇಂಟರ್‌ಗಳು ಬಳಸುವ ವಾಟರ್ ಪೇಪರ್ ಹಿಡಿಯುತ್ತಾರೆ. ನೀರು ಹಾಕುತ್ತಾ ಮೊದಲು 800 ಅಥವಾ 1000 ನಂಬರಿನದು, ಆಮೇಲೆ 1500, 2000, ಕೊನೆಗೆ 3000. ಅದಾದ ಮೇಲೆ ಕಾಂಪೌಂಡ್ ಹಾಕಿ ಹೊಳಪು. ಮುಖ್ಯವಾದದ್ದು ಇನ್ನೂ ಮುಂದಿದೆ. ನೇರಳಾತೀತ ಕಿರಣ ತಡೆಯುವ ಕ್ಲಿಯರ್ ಕೋಟ್ ಮೇಲೆ ಹೊಡೆಯಲೇಬೇಕು. ಬಹಳ ಕಡೆ ಈ ಕೊನೆಯ ಹೆಜ್ಜೆಯನ್ನೇ ಬಿಟ್ಟು, ಗಿರಾಕಿಯ ಮುಖ ಗ್ಲಾಸಿನಲ್ಲಿ ಕಾಣಿಸಿ ದುಡ್ಡು ಇಸಿದುಕೊಳ್ಳುತ್ತಾರೆ. ಟ್ರಿಪಲ್ ಎ ಅಳತೆಯಲ್ಲಿ ಹೀಗೆ ಪಾಲಿಶ್ ಮಾಡಿದ ದೀಪಗಳು ಹೊಸ ದೀಪದ ಸುಮಾರು 70 ಪ್ರತಿಶತ ಬೆಳಕು ಕೊಟ್ಟವು. ಹೊರಗಿನ ಕಂಪನಿಗಳ ಹೊಸ ದೀಪಗಳು 83ರಿಂದ 90 ಪ್ರತಿಶತ. ಕಾರು ಕಂಪನಿಯದೇ ಹೊಸ ದೀಪ ಪೂರ್ತಿ ನೂರು.

ನಮ್ಮ ಭಾವಮೈದನ ಗಾಡಿಗೆ ಪಾಲಿಶಿನ ಮಾತೇ ಇರಲಿಲ್ಲ. ನಮ್ಮೂರಿನ ಆಟೋ ಎಲೆಕ್ಟ್ರಿಷಿಯನ್ ಭಾಯ್, ಮೂವತ್ತು ವರ್ಷದಿಂದ ಲಾರಿಗಳ ವೈರಿಂಗ್ ಬಿಚ್ಚಿದವರು, ಮೊಬೈಲಿನ ಟಾರ್ಚನ್ನು ಗ್ಲಾಸಿಗೆ ಒತ್ತಿ ಹಿಡಿದು ಒಳಗೆ ಇಣುಕಿದರು. "ಹೊರಗಿನ ಪೊರೆ ತೆಗೀಬೋದು ಸಾರ್. ಒಳಗೆ ಕನ್ನಡೀನೇ ಹೋಗೈತೆ" ಎಂದರು.

ಕನ್ನಡಿ ಎಂದರೆ ಬಲ್ಬಿನ ಹಿಂದಿನ ಬಟ್ಟಲು, ರಿಫ್ಲೆಕ್ಟರ್. ಪ್ಲಾಸ್ಟಿಕ್ ಬಟ್ಟಲಿನ ಮೇಲೆ ಅಲ್ಯೂಮಿನಿಯಂ ಆವಿಯನ್ನು ಕೂರಿಸಿ ಮಾಡಿದ ತೆಳುವಾದ ಹೊಳಪು ಅದು, ಬೆರಳಿನಿಂದ ಒರೆಸಿದರೂ ಹೋಗುವಷ್ಟು ನಾಜೂಕು. ತೇವ ಸೇರಿದರೆ ಕಪ್ಪು ಮಚ್ಚೆಯಾಗಿ ಎದ್ದು ಬರುತ್ತದೆ. ಹೆಚ್ಚು ವ್ಯಾಟಿನ ಬಲ್ಬು ಹಾಕಿದ್ದರೆ ಅದರ ಕಾವಿಗೆ ಮೇಲ್ಭಾಗ ಕರಕಾಗಿರುತ್ತದೆ. ಹಿಂದಿನ ಮಾಲೀಕರಲ್ಲಿ ಯಾರೋ ಒಬ್ಬರು ನೂರರದ್ದು ಹಾಕಿಸಿ ಸುಖಪಟ್ಟಿದ್ದರ ಗುರುತು ಅಲ್ಲಿ ಸ್ಪಷ್ಟವಾಗಿತ್ತು. ಎಡಗಡೆ ದೀಪದ ತಳದಲ್ಲಿ ನೀರು ನಿಂತಿತ್ತು. ಮಳೆ ಬಂದ ರಾತ್ರಿ ಗ್ಲಾಸಿನ ಒಳಗೆ ತೆಳ್ಳಗೆ ಆವಿ ಕಟ್ಟಿ, ದೀಪ ಉರಿದ ಮೇಲೆ ಹೋದರೆ ಗಾಬರಿ ಬೇಡ, ಅದಕ್ಕೆಂದೇ ಗಾಳಿಯ ಕಿಂಡಿಗಳಿರುತ್ತವೆ. ನೀರು ತಳದಲ್ಲಿ ಕುಲುಕಿದರೆ ಮಾತ್ರ ಸೀಲು ಹೋಗಿದೆ ಎಂದೇ ಅರ್ಥ. ಕನ್ನಡಿ ಹೋದರೆ, ನೀರು ನಿಂತರೆ, ಕೂರಿಸುವ ಕಿವಿ ಮುರಿದು ತಂತಿ ಕಟ್ಟಿದ್ದರೆ, ಗ್ಲಾಸಿನ ಒಳಮುಖವೇ ಬಿರಿದಿದ್ದರೆ ಇಡೀ ಡೂಮ್, ಅಂದರೆ ಗ್ಲಾಸು ಕನ್ನಡಿ ಎಲ್ಲ ಸೇರಿದ ಪೂರ್ತಿ ದೀಪವನ್ನೇ ಬದಲಿಸಬೇಕು. ಅದೂ ಎರಡನ್ನೂ ಒಟ್ಟಿಗೆ. ಒಂದು ಹೊಸದು ಒಂದು ಹಳೆಯದು ಇದ್ದರೆ ಎದುರಿನವನಿಗೆ ದೂರದಿಂದ ಬೈಕು ಬಂದಂತೆ ಕಾಣುತ್ತದೆ. ಕಿರಿದಾದ ರಸ್ತೆಯಲ್ಲಿ ಆ ತಪ್ಪು ಎಣಿಕೆಗೆ ಜೀವವೇ ಬೆಲೆ.

ಡೂಮ್ ತರಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆವು. ರಾಜ್ಯದ ಅರ್ಧ ಗಾಡಿಗಳ ಕೈಕಾಲು ಸಿಗುವ ಬೀದಿ ಅದು. "ಕಂಪನೀದಾ, ಲೋಕಲ್ಲಾ?" ಎಂಬುದು ಅಲ್ಲಿ ಮೊದಲ ಪ್ರಶ್ನೆ. ನಡುವೆ ಇನ್ನೊಂದು ವರ್ಗವೂ ಇದೆ: ಗಾಡಿ ಕಂಪನಿಗಳಿಗೇ ದೀಪ ಮಾಡಿಕೊಡುವ ಲೂಮ್ಯಾಕ್ಸ್, ಯುನೊ ಮಿಂಡಾ, ಫಿಯೆಮ್‌ನಂಥವರು ತಮ್ಮದೇ ಡಬ್ಬಿಯಲ್ಲಿ ಮಾರುವ ಮಾಲು. ಹಳೆಯ ಗಾಡಿಗೆ ನನ್ನ ಆಯ್ಕೆ ಇದೇ. ಲೋಕಲ್ ಪೀಸನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಓರೆ ಮಾಡಿ ನೋಡಿದರೆ ಕನ್ನಡಿಯಲ್ಲಿ ಅಲೆ ಕಾಣುತ್ತದೆ, ಹಿಂದಿನ ಸೆಟಿಂಗ್ ಸ್ಕ್ರೂ ಬೆರಳಿನಲ್ಲೇ ಗಡಗಡ ಎನ್ನುತ್ತದೆ. ನಮ್ಮ ಹಂಪುಗಳ ಮೇಲೆ ಆ ಸ್ಕ್ರೂ ಎರಡು ತಿಂಗಳೂ ನಿಲ್ಲದು.

ಇನ್ನೊಂದನ್ನು ನೋಡಲೇಬೇಕು. ನಾವು ರಸ್ತೆಯ ಎಡಕ್ಕೆ ಓಡಿಸುವವರು. ಡಿಮ್‌ನಲ್ಲಿ ನಮ್ಮ ದೀಪದ ಬೆಳಕಿನ ಮೇಲಂಚು ಬಲಗಡೆ ಚಪ್ಪಟೆಯಾಗಿದ್ದು, ಎಡಗಡೆ ಮಾತ್ರ ಮೇಲಕ್ಕೆ ಏರುತ್ತದೆ. ಎಡದಂಚಿನಲ್ಲಿ ನಡೆಯುವವರು, ಎತ್ತಿನ ಗಾಡಿ, ಫಲಕ ಕಾಣಲಿ, ಬಲದಿಂದ ಬರುವವನ ಕಣ್ಣಿಗೆ ಹೊಡೆಯದಿರಲಿ ಎಂಬ ಏರ್ಪಾಡು. ಬಲಕ್ಕೆ ಓಡಿಸುವ ದೇಶಗಳಿಗೆಂದು ಮಾಡಿದ ದೀಪದಲ್ಲಿ ಇದು ತಿರುಗುಮುರುಗು. ಅಗ್ಗಕ್ಕೆ ಸಿಕ್ಕಿತೆಂದು ಅಂಥದ್ದನ್ನು ಕೂರಿಸಿದರೆ ಎದುರು ಬರುವ ಪ್ರತಿಯೊಬ್ಬನ ಶಾಪ ತಟ್ಟುತ್ತದೆ. ವೃತ್ತದೊಳಗೆ ಇ ಅಕ್ಷರವಿರುವ ದೀಪಗಳಲ್ಲಿ, ದೀಪದ ಎದುರು ನಿಂತವನ ಬಲಕ್ಕೆ ಮೊನೆ ಮಾಡಿದ ಬಾಣದ ಗುರುತಿದ್ದರೆ ಅದು ನಮ್ಮಂಥ ಎಡಗಡೆಯವರದ್ದು.

ಕೂರಿಸುವ ಕೆಲಸದಲ್ಲಿ ಹೇಳುವಂಥದ್ದು ಕಡಿಮೆ. ಗ್ರಿಲ್ ಬಿಚ್ಚಿ, ಹಿಂದಿನ ಮೂರು ಕಡ್ಡಿಯ ಹೋಲ್ಡರ್ ಕಳಚಿ, ನಾಲ್ಕಾರು ಬೋಲ್ಟ್ ತೆಗೆದರೆ ಹಳೆಯದು ಕೈಗೆ ಬರುತ್ತದೆ. ಬಲ್ಬಿನ ಬುಡದಲ್ಲಿ ಮೂರು ಕಿವಿಗಳಿರುತ್ತವೆ, ಮೇಲಿನದು ಸ್ವಲ್ಪ ಅಗಲ. ಅದು ಒಂದೇ ರೀತಿಯಲ್ಲಿ ಕೂರಬೇಕು, ಒತ್ತಿ ಕೂರಿಸಿದರೆ ಬೆಳಕು ಸೊಟ್ಟ. ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಜಾಗ ಉರಿಯುವಾಗ ಹೆಚ್ಚು ಕಾಯ್ದು ಬಲ್ಬು ಬೇಗ ಸಾಯುತ್ತದೆ. ಹಿಂದಿನ ರಬ್ಬರ್ ಟೋಪಿ ಬಿರಿದಿದ್ದರೆ ಅದನ್ನೂ ಬದಲಿಸಿ, ಇಲ್ಲವಾದರೆ ಹೊಸ ಡೂಮಿಗೂ ನೀರಿನ ಪಾಡು ತಪ್ಪದು.

ಹೊಸ ಡೂಮು, ಹೊಸ 60/55 ಬಲ್ಬು ಹಾಕಿ ಸ್ವಿಚ್ಚು ಒತ್ತಿದಾಗ ಬೆಳಕು ಬಂತು, ಆದರೆ ಬೆಣ್ಣೆಬಣ್ಣದ ಬೆಳಕು. ಭಾವಮೈದನ ಮುಖವೂ ಹಾಗೇ ಆಯಿತು. "ಹೇಳ್ಲಿಲ್ವಾ ಭಾವ, ನೂರರದ್ದೇ ಬೇಕು."

ಭಾಯ್ ಮಾತಾಡದೆ ಮೀಟರ್ ತಂದರು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ 13.5 ವೋಲ್ಟ್. ದೀಪ ಉರಿಯುತ್ತಿರುವಾಗಲೇ ಬಲ್ಬಿನ ಹೋಲ್ಡರಿನಲ್ಲಿ ಇಟ್ಟು ನೋಡಿದರೆ 12. ಒಂದೂವರೆ ವೋಲ್ಟ್ ದಾರಿಯಲ್ಲೇ ಎಲ್ಲೋ ಸೋರಿತ್ತು. ಕೇಳುವುದಕ್ಕೆ ಒಂದೂವರೆ ಏನು ಮಹಾ ಅನ್ನಿಸುತ್ತದೆ. ತಂತಿ ಉರಿಯುವ ಬಲ್ಬಿನ ಸ್ವಭಾವ ಹಾಗಲ್ಲ. ವೋಲ್ಟೇಜ್ 5 ಪ್ರತಿಶತ ಇಳಿದರೆ ಬೆಳಕು ಸುಮಾರು 16 ಪ್ರತಿಶತ ಇಳಿಯುತ್ತದೆ. 10 ಇಳಿದರೆ 30. ನಮ್ಮ ಒಂದೂವರೆ ವೋಲ್ಟಿಗೆ ಮೂರನೇ ಒಂದು ಭಾಗ ಬೆಳಕು ಮಾಯವಾಗಿತ್ತು.

ಎಲ್ಲಿ ಹೋಗುತ್ತದೆ ಅದು? ಹಳೆಯ ಗಾಡಿಗಳಲ್ಲಿ ದೀಪದ ಕರೆಂಟು ಬ್ಯಾಟರಿಯಿಂದ ಹೊರಟು ಫ್ಯೂಸ್ ಬಾಕ್ಸ್, ಡ್ಯಾಶ್‌ಬೋರ್ಡಿನ ಹಿಂದಿನ ಕೀಲುಗಳು, ಸ್ಟೇರಿಂಗ್ ಪಕ್ಕದ ಕಾಂಬಿನೇಶನ್ ಸ್ವಿಚ್ಚು ಎಲ್ಲ ಸುತ್ತಿ ಸಣ್ಣ ವೈರಿನಲ್ಲಿ ಮುಂದಕ್ಕೆ ಬರುತ್ತದೆ. ಎರಡು ದೀಪಕ್ಕೆ ಒಂಬತ್ತು ಹತ್ತು ಆಂಪಿಯರ್ ಹರಿಯಬೇಕು. ಪ್ರತಿ ಕೀಲಿನಲ್ಲೂ ಕಿಲುಬು, ಪ್ರತಿ ಕಿಲುಬಿನಲ್ಲೂ ಸ್ವಲ್ಪ ಸ್ವಲ್ಪ ಸೋರಿಕೆ. ಹಿಂತಿರುಗುವ ದಾರಿಯಾದ ಅರ್ತ್ ವೈರು ತುಕ್ಕು ಹಿಡಿದ ಬಾಡಿಗೆ ಕಚ್ಚಿಕೊಂಡಿದ್ದರೆ ಅಲ್ಲೂ ನಷ್ಟ. ಈ ದಾರಿಯಲ್ಲಿ 100/90 ಬಲ್ಬಿಗೆ ಬೇಕಾದ ಹದಿನಾರು ಹದಿನೇಳು ಆಂಪಿಯರ್ ತಳ್ಳಿದರೆ ಸೋರಿಕೆಯೂ ಹೆಚ್ಚುತ್ತದೆ, ಸೋರಿದ್ದೆಲ್ಲ ಶಾಖವಾಗಿ ಹೋಲ್ಡರನ್ನೂ ಸ್ವಿಚ್ಚನ್ನೂ ಸುಡುತ್ತದೆ. ಸ್ಟೇರಿಂಗ್ ಹತ್ತಿರ ಪ್ಲಾಸ್ಟಿಕ್ ಕಮಟು ವಾಸನೆ ಬಂತೆಂದರೆ ಹೆಚ್ಚಾಗಿ ಇದೇ ಕಥೆ. ನೂರರ ಬಲ್ಬು ಬಿಡಿಭಾಗದ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತದೆ, ಡಬ್ಬಿಯ ಮೇಲೆ ಎಲ್ಲೋ ಸಣ್ಣಕ್ಷರದಲ್ಲಿ ರಸ್ತೆಗಲ್ಲ ಎಂದೂ ಬರೆದಿರುತ್ತದೆ. ಓದುವವರು ಯಾರು?

ಔಷಧಿ ಎಂದರೆ ರಿಲೇ. ದಪ್ಪ ವೈರಿನಲ್ಲಿ, ಫ್ಯೂಸ್ ಹಾಕಿ, ಬ್ಯಾಟರಿಯಿಂದ ನೇರವಾಗಿ ದೀಪಕ್ಕೆ ದಾರಿ. ಸ್ಟೇರಿಂಗ್ ಪಕ್ಕದ ಸ್ವಿಚ್ಚಿಗೆ ಈಗ ರಿಲೇಯನ್ನು ತಟ್ಟಿ ಎಬ್ಬಿಸುವ ಕೆಲಸವಷ್ಟೇ. ದೊಡ್ಡ ಕರೆಂಟು ಅದರ ಹತ್ತಿರ ಸುಳಿಯುವುದಿಲ್ಲ. ಭಾಯ್ ಎರಡು ರಿಲೇ ಕೂರಿಸಿ, ಅರ್ತ್ ವೈರಿನ ಬುಡವನ್ನು ಎಮರಿ ಪೇಪರಿನಲ್ಲಿ ಉಜ್ಜಿ ಹೊಸ ಬೋಲ್ಟ್ ಬಿಗಿದರು. ಹೋಲ್ಡರಿನಲ್ಲಿ 13.2. ಅದೇ ಅರವತ್ತರ ಬಲ್ಬು ಬೆಳ್ಳಗೆ ಉರಿಯಿತು. ಭಾವಮೈದ ನೂರರ ಸುದ್ದಿಯನ್ನು ಮತ್ತೆ ಎತ್ತಲಿಲ್ಲ.

ಎತ್ತಿದ್ದು ಎಲ್‌ಇಡಿಯ ಸುದ್ದಿಯನ್ನು. ಅವನ ಗೆಳೆಯರ ಗಾಡಿಗಳಲ್ಲೆಲ್ಲ ಅದೇ ಇದೆಯಂತೆ. ಎಲ್‌ಇಡಿ ಕೆಟ್ಟದ್ದಲ್ಲ. ಎಲ್‌ಇಡಿಗೆಂದೇ ಕಟ್ಟಿದ ದೀಪಗಳು ಅತ್ಯುತ್ತಮ. ತೊಂದರೆ ಇರುವುದು ಹ್ಯಾಲೊಜನ್ನಿಗೆಂದು ಮಾಡಿದ ಬಟ್ಟಲಿಗೆ ಎಲ್‌ಇಡಿ ಬಲ್ಬು ತುರುಕುವುದರಲ್ಲಿ. ಎಚ್4ರೊಳಗೆ ಬೆಳಕು ಹುಟ್ಟುವುದು ಅರ್ಧ ಸೆಂಟಿಮೀಟರಿನಷ್ಟು ಉದ್ದದ ಸುರುಳಿ ತಂತಿಯಿಂದ. ಡಿಮ್ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ದೊನ್ನೆ ಇರುತ್ತದೆ, ಬೆಳಕು ಕೆಳಗಿನ ಕನ್ನಡಿಗೆ ಬಿದ್ದು ಮೇಲಕ್ಕೆ ಚಿಮ್ಮದಂತೆ ತಡೆಯಲು. ಕನ್ನಡಿಯ ಒಂದೊಂದು ಬಾಗೂ ಆ ತಂತಿ ಇರುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿದ್ದು. ಎಲ್‌ಇಡಿ ಬಲ್ಬಿನಲ್ಲಿ ಬೆಳಕು ಹುಟ್ಟುವ ಚಿಪ್ಪುಗಳು ಚಪ್ಪಟೆ ಪಟ್ಟಿಯ ಎರಡು ಬದಿಗೆ ಇರುತ್ತವೆ. ಕೂದಲೆಳೆ ಆಚೀಚೆಯಾದರೂ ಮೇಲಂಚು ಕಲಸಿಹೋಗಿ ಬೆಳಕು ಎಲ್ಲೆಂದರಲ್ಲಿ. ನಮ್ಮ ಗಾಡಿಯ ಮುಂದಿನ ಹತ್ತು ಮೀಟರ್ ಹಾಲು ಚೆಲ್ಲಿದಂತೆ ಹೊಳೆಯುವುದರಿಂದ ಬೆಳಕು ಹೆಚ್ಚಿದಂತೆ ಭ್ರಮೆ. ಬೇಕಾದದ್ದು ಅರವತ್ತು ಎಪ್ಪತ್ತು ಮೀಟರ್ ಆಚೆ. ಜರ್ಮನಿಯಲ್ಲಿ 2020ರಿಂದ ಕೆಲವು ಎಲ್‌ಇಡಿ ಬದಲಿ ಬಲ್ಬುಗಳಿಗೆ ಅನುಮತಿಯಿದೆ, ಅದೂ ಪರೀಕ್ಷೆ ಮಾಡಿ ಪಟ್ಟಿಗೆ ಸೇರಿಸಿದ ಮಾದರಿಯ ವಾಹನಗಳಿಗೆ ಮಾತ್ರ. ನಮ್ಮಲ್ಲಿ 2024ರ ಜುಲೈನಲ್ಲಿ ರಾಜ್ಯ ಪೊಲೀಸರು ಕಣ್ಣು ಕುಕ್ಕುವ ದೀಪಗಳ ವಿರುದ್ಧ ವಿಶೇಷ ಕಾರ್ಯಾಚರಣೆ ನಡೆಸಿ ದಂಡ ಹಾಕಿದ್ದು ಓದುಗರಿಗೆ ನೆನಪಿರಬಹುದು. ಅದಕ್ಕೂ ಹಿಂದೆ ಹೆಡ್‌ಲೈಟಿನ ನಡುವೆ ಕಪ್ಪು ಬೊಟ್ಟು ಅಂಟಿಸುವ ಕಾಲವೊಂದಿತ್ತು. ಬೊಟ್ಟು ಹೋಯಿತು, ಕಣ್ಣು ಕುಕ್ಕುವುದು ಉಳಿಯಿತು.

ಇನ್ನು ಪಿಕಪ್‌ನವರು ಮಾತ್ರ ಯೋಚಿಸಬೇಕಾದ, ಆದರೆ ಯಾರೂ ಯೋಚಿಸದ ಸಂಗತಿಗೆ ಬರುತ್ತೇನೆ. ಈ ಬರಹ ಬರೆಯಲು ಹೊರಟದ್ದೇ ಇದಕ್ಕಾಗಿ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರಲ್ಲಿ ದೀಪಗಳ ಬಗ್ಗೆ ಅಕ್ಕಪಕ್ಕದಲ್ಲೇ ಎರಡು ಮಾತುಗಳಿವೆ. 105ನೇ ನಿಯಮ ಹೇಳುತ್ತದೆ: ಮುಂದೆ 155 ಮೀಟರ್ ದೂರದ ಜನ, ವಾಹನ ಸ್ಪಷ್ಟವಾಗಿ ಕಾಣಬೇಕು. 106ನೇ ನಿಯಮ ಹೇಳುತ್ತದೆ: ದೀಪದಿಂದ 8 ಮೀಟರ್ ಮುಂದೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣು ಕುಕ್ಕಬಾರದು, ಬೆಳಕು ಕೆಳಕ್ಕೆ ಬಾಗಿರಬೇಕು. ದೂರ ಕಾಣಬೇಕು, ಎದುರಿನವನಿಗೆ ಹೊಡೆಯಬಾರದು. ಎರಡನ್ನೂ ಒಟ್ಟಿಗೆ ನಡೆಸಿಕೊಡುವುದು ಬಲ್ಬಿನ ಶಕ್ತಿಯಲ್ಲ. ಡೂಮಿನ ಹಿಂದಿನ ಎರಡು ಸ್ಕ್ರೂಗಳು.

ಸೆಟಿಂಗ್ ಮಾಡುವ ರೀತಿ ಸರಳ. ಸಮತಟ್ಟು ನೆಲದಲ್ಲಿ ಗೋಡೆಗೆ 10 ಮೀಟರ್ ದೂರದಲ್ಲಿ ಗಾಡಿ ನಿಲ್ಲಿಸಿ, ಟೈರುಗಳಲ್ಲಿ ಗಾಳಿ ಸರಿಯಿರಬೇಕು. ನೆಲದಿಂದ ದೀಪದ ನಡುವಿನವರೆಗಿನ ಎತ್ತರ ಅಳೆದು ಗೋಡೆಯ ಮೇಲೆ ಅಷ್ಟೇ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಡಿಮ್ ಹಾಕಿದರೆ ಬೆಳಕಿನ ಮೇಲಂಚು ಆ ಗೆರೆಗಿಂತ 10 ಸೆಂಟಿಮೀಟರ್ ಕೆಳಗಿರಬೇಕು. ನೂರಕ್ಕೆ ಒಂದರ ಇಳಿಜಾರು. ದೀಪ 90 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಆ ಅಂಚು 90 ಮೀಟರ್ ಆಚೆ ರಸ್ತೆ ಮುಟ್ಟುತ್ತದೆ. ಚೆನ್ನ.

ಇದೆಲ್ಲ ಖಾಲಿ ಗಾಡಿಯ ಮಾತು. ಎಂಬತ್ತು ಬಾಕ್ಸ್ ಟೊಮೆಟೊ ಹೇರಿದರೆ ಹಣ್ಣಿನದೇ 1200 ಕೆಜಿ. ಅದೆಲ್ಲ ಕೂರುವುದು ಹಿಂದಿನ ಚಕ್ರದ ಮೇಲೆ. ಬಾಲ ಕುಸಿಯುತ್ತದೆ, ಮೂತಿ ಏಳುತ್ತದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಮೂರು ಮೀಟರ್ ಅಂತರವೆಂದುಕೊಳ್ಳಿ. ಹಿಂಭಾಗ ಮುಂಭಾಗಕ್ಕಿಂತ 6 ಸೆಂಟಿಮೀಟರ್ ಹೆಚ್ಚು ಕುಗ್ಗಿದರೆ ಗಾಡಿ ನೂರಕ್ಕೆ ಎರಡರಷ್ಟು ವಾಲಿತು. ಒಂದರಷ್ಟು ಇಳಿಜಾರಾಗಿದ್ದ ಬೆಳಕು ಈಗ ಒಂದರಷ್ಟು ಏರುಮುಖ. ಅದು ಇನ್ನು ರಸ್ತೆಯನ್ನು ಮುಟ್ಟುವುದೇ ಇಲ್ಲ. 50 ಮೀಟರ್ ಮುಂದೆ ಬರುವ ಬೈಕಿನವನ ಹತ್ತಿರ ಹೋಗುವಾಗ ನೆಲದಿಂದ 1.4 ಮೀಟರ್ ಎತ್ತರದಲ್ಲಿರುತ್ತದೆ, ಅಂದರೆ ಸರಿಯಾಗಿ ಅವನ ಕಣ್ಣಿಗೆ. ಚಾಲಕ ಪ್ರಾಮಾಣಿಕವಾಗಿ ಡಿಮ್ ಹಾಕಿರುತ್ತಾನೆ. ಎದುರಿನವನು ಹೈ ಬೀಮ್ ಎಂದುಕೊಂಡು ತಾನೂ ಹೈ ಬೀಮ್ ಹಾಕಿ ಸೇಡು ತೀರಿಸಿಕೊಳ್ಳುತ್ತಾನೆ. ಇಬ್ಬರೂ ಕುರುಡರಾಗಿ ಒಬ್ಬರನ್ನೊಬ್ಬರು ದಾಟುತ್ತಾರೆ.

ಕೆಲವು ಗಾಡಿಗಳ ಡ್ಯಾಶ್‌ಬೋರ್ಡಿನಲ್ಲಿ ಸೊನ್ನೆಯಿಂದ ಮೂರರವರೆಗೆ ತಿರುಗುವ ಪುಟ್ಟ ಗುಂಡಿಯಿರುತ್ತದೆ, ಲೋಡಿಗೆ ತಕ್ಕಂತೆ ದೀಪ ಬಗ್ಗಿಸಲು. ಹೆಚ್ಚಿನವರು ಅದನ್ನು ಎಸಿಯದೋ ರೇಡಿಯೊದೋ ಎಂದುಕೊಂಡಿರುತ್ತಾರೆ. ಹಳೆಯ ಗಾಡಿಯಲ್ಲಿ ಅದರ ಮೋಟರು ಸತ್ತಿರುವುದೂ ಉಂಟು. ಆ ಗುಂಡಿಯಿಲ್ಲದ ಗಾಡಿಗೆ ನನ್ನ ಸಲಹೆ ಪುಸ್ತಕದ್ದಲ್ಲ, ರಸ್ತೆಯದ್ದು: ನಿಮ್ಮ ಗಾಡಿ ರಾತ್ರಿ ಓಡುವುದು ಲೋಡಿನಲ್ಲಾದರೆ, ಲೋಡು ಹಾಕಿಯೇ ಸೆಟಿಂಗ್ ಮಾಡಿಸಿ. ಖಾಲಿಯಿದ್ದಾಗ ಬೆಳಕು ಸ್ವಲ್ಪ ಹತ್ತಿರ ಬಿದ್ದೀತು, ಆಗ ನಿಧಾನ ಹೋದರಾಯಿತು. ನಮ್ಮ ಕಡೆಯ ಟೊಮೆಟೊ ಗಾಡಿಗಳಂತೂ ರಾತ್ರಿ ತುಂಬಿ ಹೋಗುತ್ತವೆ, ಹಗಲು ಖಾಲಿ ಬರುತ್ತವೆ. ಖಾಲಿ ಗಾಡಿಗೆ ಸೆಟಿಂಗ್ ಮಾಡಿ ಏನು ಪ್ರಯೋಜನ? ಲೋಡು ತಾಳಲಿ ಎಂದು ಹಿಂದಿನ ಸ್ಪ್ರಿಂಗಿಗೆ ಪ್ಲೇಟು ಸೇರಿಸಿದವರಂತೂ ಸೇರಿಸಿದ ದಿನವೇ ದೀಪವನ್ನೂ ನೋಡಬೇಕು, ಗಾಡಿಯ ನಿಲುವೇ ಬದಲಾಗಿರುತ್ತದೆ.

ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು. ಆ ತಪಾಸಣೆಗೆ ಗಾಡಿ ಹೋಗುವುದು ತೊಳೆದು, ಬಣ್ಣ ಬಳಿದು, ಖಾಲಿಯಾಗಿ. ಕಾಗದ ಸರಿಯಾಗಿರುತ್ತದೆ, ರಾತ್ರಿ ಹನ್ನೊಂದರ ರಸ್ತೆಯ ಸಂಗತಿ ಬೇರೆ.

ನಾವು ಮಾಡಿದ್ದು ಇಷ್ಟು. ಒಂದು ಸಂಜೆ ಬಾಕ್ಸ್‌ಗಳೆಲ್ಲ ಏರಿದ ಮೇಲೆ ಗಾಡಿಯನ್ನು ಊರ ಶಾಲೆಯ ಕಾಂಪೌಂಡ್ ಎದುರು ನಿಲ್ಲಿಸಿದೆವು. ಭಾವಮೈದ ಸೀಟಿನಲ್ಲಿ, ಭಾಯ್ ಬಾನೆಟ್ಟಿನ ಕೆಳಗೆ, ನಾನು ಸೀಮೆಸುಣ್ಣ ಹಿಡಿದು ಗೋಡೆಯ ಹತ್ತಿರ. ಹಿಂದಿನ ದಿನ ಖಾಲಿ ಗಾಡಿಗೆ ಸೆಟ್ ಮಾಡಿದ್ದ ಬೆಳಕು ಗೆರೆಗಿಂತ ಗೇಣು ಮೇಲಿತ್ತು. ಸ್ಕ್ರೂ ತಿರುಗಿಸಿ ಗೆರೆಯ ಕೆಳಗೆ ತಂದಾಗ ಎಡಗಡೆಯ ಏರು ಅಂಚು ಗೋಡೆಯ ಮೇಲೆ ಬರೆದಿದ್ದ ಮಗ್ಗಿಯ ಸಾಲಿನವರೆಗೆ ನೀಟಾಗಿ ಹತ್ತಿ ನಿಂತಿತು. ಅರ್ಧ ಗಂಟೆಯ ಕೆಲಸ. ಆ ರಾತ್ರಿ ಅದೇ ಒಳರಸ್ತೆಯಲ್ಲಿ ಹುರುಳಿಯ ಕಲ್ಲುಗಳು ಇನ್ನೂ ಅಲ್ಲೇ ಇದ್ದವು. ಕಂಡದ್ದು ಮೂವತ್ತು ಮಾರಿಗೂ ಮುಂಚೆ.

ಹಳೆಯ ಪಿಕಪ್ ಇಟ್ಟುಕೊಂಡವರಲ್ಲಿ ಒಂದು ಕೋರಿಕೆ. ಇವತ್ತು ರಾತ್ರಿ ಲೋಡು ಹಾಕಿಸಿದ ಮೇಲೆ, ಹೊರಡುವುದಕ್ಕೆ ಮುಂಚೆ, ಡಿಮ್ ಹಾಕಿಟ್ಟು ಐವತ್ತು ಹೆಜ್ಜೆ ಮುಂದೆ ನಡೆದು ಹೋಗಿ. ತಿರುಗಿ ನಿಮ್ಮದೇ ಗಾಡಿಯನ್ನು ನೋಡಿ. ಕೈ ತಾನಾಗಿ ಕಣ್ಣಿಗೆ ಅಡ್ಡ ಬಂದರೆ, ಗಾಡಿ ಹೊರಡಿಸಬೇಡಿ. ಸ್ಕ್ರೂ ಡ್ರೈವರ್ ತನ್ನಿ.